ಹಸಿರೋ, ನೀಲಿಯೋ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಬ್ರೇಕಕ್ಕ ಎಂದು ಹೆಸರು ಬಿದ್ದು ಹತ್ತು ವರ್ಷದ ಮೇಲಾಗಿತ್ತು. ಕಲಿಯುವವರ ಪಕ್ಕದ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟು ಅವಳು ಕೂತಳೆಂದರೆ ಎಂಥ ಪುಕ್ಕಲರೂ ಧೈರ್ಯವಾಗಿ ಗಾಡಿ ಹೊರಡಿಸುತ್ತಿದ್ದರು. ಹಾಗಂತ ಅವಳ ಬಾಯಿ ಮೆತ್ತಗೇನೂ ಇರಲಿಲ್ಲ. "ಅದು ಕ್ಲಚ್ಚು, ಜಿರಳೆ ಅಲ್ಲ. ಹಾಗೆ ತುಳೀಬೇಡಿ" ಎನ್ನುವಳು. ಬೈಸಿಕೊಂಡವರೇ ಮುಂದೆ ತಮ್ಮ ನಾದಿನಿಯನ್ನೋ ಚಿಕ್ಕಪ್ಪನ ಮಗಳನ್ನೋ ಕರೆತಂದು, "ಇವಳಿಗೂ ನೀವೇ ಕಲಿಸ್ಬೇಕು" ಎಂದು ಒಪ್ಪಿಸಿ ಹೋಗುತ್ತಿದ್ದರು.

ಅವಳಿಗೆ ಸಂಧಿವಾತವಿತ್ತು. ಒಂಬತ್ತು ವರ್ಷದ ಹಿಂದೆ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿಯಲು ಬೆರಳು ಮಡಚದೆ ಹೋದಾಗ ಶುರುವಾದದ್ದು. ಮನೆಗೆ ಬಂದವರೆಲ್ಲ ತಮ್ಮ ತಮ್ಮ ಮಂಡಿನೋವಿನ ಕತೆ ಹೇಳಿ, ಒಂದೊಂದು ಎಣ್ಣೆಯ ಹೆಸರು ಹೇಳಿ ಹೋಗಿದ್ದರು. ಕೊನೆಗೆ ಕೀಲುರೋಗದ ಡಾಕ್ಟರಮ್ಮ ಒಬ್ಬರು ಬಿಡಿಸಿ ಹೇಳಿದ್ದರು: "ಇದು ಸವೆತ ಅಲ್ಲಮ್ಮ. ಹೊರಗಿನ ರೋಗಾಣುಗಳ ಮೇಲೆ ಬೀಳಬೇಕಾದ ನಿಮ್ಮ ದೇಹದ ಶಕ್ತಿ ದಾರಿ ತಪ್ಪಿ ನಿಮ್ಮ ಕೀಲುಗಳ ಮೇಲೇ ಬೀಳ್ತಿದೆ. ಇದನ್ನ ಓಡಿಸೋಕಾಗಲ್ಲ. ಹದ್ದುಬಸ್ತಿನಲ್ಲಿ ಇಡಬಹುದು." ಮಾತ್ರೆಗಳು ಬದಲಾಗುತ್ತ ಬದಲಾಗುತ್ತ, ಕಳೆದ ಮೂರು ವರ್ಷದಿಂದ ಎರಡು ಮಾತ್ರೆಯ ಜೊತೆಗೆ ತಿಂಗಳಿಗೊಂದು ಇಂಜೆಕ್ಷನ್ ಕಾಯಿಲೆಯನ್ನು ಅದರ ಜಾಗದಲ್ಲಿ ಕೂರಿಸಿತ್ತು. ಇಂಜೆಕ್ಷನ್ ಸರಿಯಾಗಿ ಸಿಕ್ಕ ತಿಂಗಳು ಬ್ರೇಕಕ್ಕ ದಿನಕ್ಕೆ ಏಳು ಪಾಠ ಮಾಡುವಳು. ಹತ್ತು ದಿನ ತಡವಾದರೆ ಹ್ಯಾಂಡ್‌ಬ್ರೇಕ್ ಎಳೆಯಲೂ ಕಲಿಯುವವರನ್ನೇ ಕೇಳಬೇಕಾಗುತ್ತಿತ್ತು.

ಆ ಇಂಜೆಕ್ಷನ್ನಿನ ಖರ್ಚು ನೋಡಿಕೊಳ್ಳುತ್ತಿದ್ದದ್ದು ಸ್ಕೂಲಿನ ಗುಂಪು ವಿಮೆ. ಒಂದು ಸೋಮವಾರ ಬೆಳಿಗ್ಗೆ ಯಜಮಾನರು ಅವಳನ್ನು ಒಳಗೆ ಕರೆದು, ಟೇಬಲ್ಲಿನ ಮೇಲಿದ್ದ ಕೀಲಿಗಳನ್ನು ಸುಮ್ಮನೆ ಆಚೀಚೆ ಜೋಡಿಸುತ್ತ ಕೂತರು.

"ಹತ್ತು ಜನ ಇದ್ರೆ ಮಾತ್ರ ಗುಂಪು ಅಂತ ಲೆಕ್ಕವಂತೆ ಕಣಮ್ಮ. ನಾವೀಗ ಆರೇ ಜನ. ಹೋದ ತಿಂಗಳ ಕೊನೆಗೇ ನಮ್ಮ ವಿಮೆ ನಿಂತುಹೋಗಿದೆ. ನನಗೇ ಶನಿವಾರ ಕಾಗದ ಬಂತು."

"ಹೋದ ತಿಂಗಳೇ? ನಾಡಿದ್ದು ನನ್ನ ಇಂಜೆಕ್ಷನ್ ಇದೆ, ಯಜಮಾನ್ರೇ."

"ಗೊತ್ತು. ಅದಕ್ಕೇ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ." ಅವರು ಒಂದು ಪುಸ್ತಿಕೆಯನ್ನು ಮುಂದಕ್ಕೆ ತಳ್ಳಿದರು. "ಸರ್ಕಾರದ್ದು ಒಂದು ಯೋಜನೆ ಇದೆ. ನಮ್ಮಂಥ ಸಣ್ಣ ಕಡೆ ಕೆಲಸ ಮಾಡೋರೂ ಸೇರ್ಬಹುದು. ಹಸಿರು ಕಾರ್ಡು, ನೀಲಿ ಕಾರ್ಡು ಅಂತ ಎರಡಿವೆ. ಮನೆಗೆಲ್ಲ ಸೇರಿ ಒಂದೇ ಬಣ್ಣ. ಈ ತಿಂಗಳ ಕೊನೆಯೊಳಗೆ ಆರಿಸ್ಕೊಬೇಕು. ಒಂದ್ಸಲ ಆರಿಸಿದ್ರೆ ಮೂರು ವರ್ಷ ಬದಲಾಯಿಸೋ ಹಾಗಿಲ್ಲ."

ತಿಂಗಳು ಮುಗಿಯಲು ಇಪ್ಪತ್ತಾರು ದಿನವಿತ್ತು. ಇಂಜೆಕ್ಷನ್ನನ್ನು ಕೈಯಿಂದ ದುಡ್ಡು ಕೊಟ್ಟು ಕೊಳ್ಳೋಣವೆಂದರೆ ಒಂದರ ಬೆಲೆ ಗಂಡ ಹೆಂಡತಿ ಇಬ್ಬರೂ ಸೇರಿ ತಿಂಗಳಿಗೆ ದುಡಿಯುವಷ್ಟು. ಬ್ರೇಕಕ್ಕ ಪುಸ್ತಿಕೆಯನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡು ಒಂಬತ್ತು ಗಂಟೆಯ ಪಾಠಕ್ಕೆ ಹೋದಳು.

ಅವಳ ಗಂಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಷಿನ್ ನಡೆಸುತ್ತಿದ್ದ. ನಲವತ್ತಾರು ವಯಸ್ಸು, ಒಳ್ಳೆಯ ಮನುಷ್ಯ, ಸ್ವಲ್ಪ ಅವಸರದವನು. ಸಂಜೆ ಊಟಕ್ಕೆ ಕೂತಾಗ ಪುಸ್ತಿಕೆಯ ಮೊದಲ ಪುಟ ನೋಡಿದ್ದೇ ತೀರ್ಮಾನ ಹೇಳಿಬಿಟ್ಟ.

"ಇದರಲ್ಲಿ ಯೋಚನೆ ಮಾಡೋದೇನಿದೆ? ಹಸಿರೇ. ಯಾವ ದೊಡ್ಡ ಆಸ್ಪತ್ರೆಗಾದ್ರೂ ಹೋಗ್ಬಹುದು, ಬೇರೆ ರೂಮು. ನೀಲಿಗೆ ನೋಡು, ಪಟ್ಟಿಯಲ್ಲಿರೋ ಆಸ್ಪತ್ರೆ ಮಾತ್ರ, ಅದೂ ಸಾಮಾನ್ಯ ವಾರ್ಡು."

"ಪೂರ್ತಿ ಓದೋಣ ರೀ. ಮೂರು ವರ್ಷದ ಮಾತು."

"ಓದು, ಯಾರು ಬೇಡ ಅಂದ್ರು. ಆದ್ರೆ ನಮ್ಮಪ್ಪ ಐವತ್ತು ತುಂಬೋದ್ರೊಳಗೆ ಎದೆ ಹಿಡ್ಕೊಂಡು ಹೋದ್ರು, ಅದನ್ನೂ ಸ್ವಲ್ಪ ನೆನಪಿಟ್ಕೊಂಡು ಓದು" ಎಂದು ಅವನು ತಟ್ಟೆ ಎತ್ತಿಕೊಂಡು ಎದ್ದ.

ಹತ್ತನೇ ತರಗತಿಯ ಮಗಳು ಅಪ್ಪನನ್ನೂ ಅಮ್ಮನನ್ನೂ ಒಂದೊಂದು ಸಲ ನೋಡಿ, ತನ್ನ ಪೆನ್ಸಿಲ್ ಡಬ್ಬಿಯಿಂದ ಸಾಲುಗಳಿಗೆ ಗುರುತು ಹಾಕುವ ಹಳದಿ ಬಣ್ಣದ ದಪ್ಪ ಪೆನ್ನು ತೆಗೆದು ಅಮ್ಮನ ಪಕ್ಕಕ್ಕಿಟ್ಟಳು.

ಬ್ರೇಕಕ್ಕನ ಹನ್ನೊಂದು ಗಂಟೆಯ ಪಾಠಕ್ಕೆ ಬರುತ್ತಿದ್ದವರು ಒಬ್ಬ ನಿವೃತ್ತ ಹೆಡ್ ಕ್ಲರ್ಕ್. ಅರವತ್ತೊಂದರ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟಿದ್ದರು. ತಿರುವು ಬಂದಾಗಲೆಲ್ಲ, ಯಾರೂ ಇಲ್ಲದಿದ್ದರೂ, ಕೈ ಹೊರಗೆ ಹಾಕಿ ಸನ್ನೆ ಮಾಡಿ, ಹಾರ್ನ್ ಹೊಡೆದು, ಕನ್ನಡಿ ನೋಡಿ, ಅಷ್ಟರಲ್ಲಿ ಗಾಡಿ ನಿಲ್ಲಿಸಿಬಿಡುವರು. ಆ ದಿನ ಮೈದಾನದ ಪಕ್ಕ ಗಾಡಿ ನಿಂತಾಗ ಅವರ ಕಣ್ಣಿಗೆ ಪುಸ್ತಿಕೆ ಬಿತ್ತು.

"ಎಲ್ಲಿಂದ ಓದ್ತಿದ್ದೀರಿ ಮೇಡಂ?"

"ಮೊದಲಿಂದ, ಸರ್."

"ತಪ್ಪು. ಸರ್ಕಾರದ ಪುಸ್ತಕ ಹಿಂದಿನಿಂದ ಓದ್ಬೇಕು. ಮುಂದಿನ ಪುಟಗಳೆಲ್ಲ ಜಾಹೀರಾತು, ಹಿಂದಿನ ಪುಟಗಳೆಲ್ಲ ಷರತ್ತು. ಮೂವತ್ನಾಲ್ಕು ವರ್ಷ ನಾನೇ ಅವನ್ನ ಟೈಪ್ ಮಾಡಿಸಿದ್ದೀನಿ." ಅವರು ಸೀಟ್ ಬೆಲ್ಟ್ ಸಡಿಲಿಸಿಕೊಂಡರು. "ಇನ್ನೊಂದು ಮಾತು. ಕೌಂಟರಿನಲ್ಲಿ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಏನು ಕೊಟ್ರೂ ಸ್ವೀಕೃತಿ ತಗೊಳ್ಳಿ. ಮೊಹರು, ತಾರೀಕು, ಸಹಿ. ಮೂರರಲ್ಲಿ ಒಂದು ಇಲ್ದಿದ್ರೂ ಅಲ್ಲಿಂದ ಕದಲ್ಬೇಡಿ."

"ಆಯ್ತು ಸರ್. ಈಗ ನೀವು ಇಲ್ಲಿಂದ ಸ್ವಲ್ಪ ಕದಲಿ. ಹಿಂದೆ ಎರಡು ಗಾಡಿ ಕಾಯ್ತಿವೆ."

ಮೂರು ದಿನ ಪಾಠದ ನಡುವೆ, ಬಸ್ಸಿನಲ್ಲಿ, ಕುಕ್ಕರ್ ಕೂಗುವುದನ್ನು ಕಾಯುತ್ತ ಅವಳು ಹಿಂದಿನಿಂದ ಮುಂದಕ್ಕೆ ಓದಿದಳು. ಮೂವತ್ತೊಂದನೇ ಪುಟದಲ್ಲಿ ಸಾಸಿವೆಯಂಥ ಅಕ್ಷರದಲ್ಲಿ ಎರಡೂ ಕಾರ್ಡಿನ ಹೂರಣವಿತ್ತು. ಹಸಿರು ಕಾರ್ಡು ಆಸ್ಪತ್ರೆಯಲ್ಲಿ ಕನಿಷ್ಠ ಒಂದು ದಿನ ಮಲಗಿದರೆ ಮಾತ್ರ ಕೊಡುತ್ತದೆ. ಸೇರುವ ಮೊದಲೇ ಇದ್ದ ಕಾಯಿಲೆಗೆ ಎರಡು ವರ್ಷ ಏನೂ ಇಲ್ಲ. ನೀಲಿ ಕಾರ್ಡು ಪಟ್ಟಿಯಲ್ಲಿರುವ ಆಸ್ಪತ್ರೆಗಳಿಗೆ ಮಾತ್ರ. ಆದರೆ ಅಲ್ಲಿ ಹೊರರೋಗಿಗೂ ಪರೀಕ್ಷೆ, ಔಷಧಿ ಸಿಗುತ್ತದೆ, ಮಲಗಬೇಕಾಗಿ ಬಂದರೆ ಅದಕ್ಕೂ ಇದೆ, ಕೊಡುವ ಹಣದ ಮಿತಿ ಮಾತ್ರ ಕಡಿಮೆ. ಮೊದಲೇ ಇದ್ದ ಕಾಯಿಲೆಯನ್ನು ಅರ್ಜಿಯಲ್ಲಿ ತಿಳಿಸಿ, ನಡೆಯುತ್ತಿರುವ ಚಿಕಿತ್ಸೆಯ ಪ್ರಮಾಣಪತ್ರ ಕೊಟ್ಟರೆ ಕಾರ್ಡು ಬಂದ ದಿನದಿಂದಲೇ ಚಿಕಿತ್ಸೆ.

ಬ್ರೇಕಕ್ಕ ಆ ಪುಟವನ್ನು ನಾಲ್ಕು ಸಲ ಓದಿದಳು. ಒಂಬತ್ತು ವರ್ಷದಲ್ಲಿ ತಾನು ಆಸ್ಪತ್ರೆಯಲ್ಲಿ ಮಲಗಿದ್ದು ಎರಡೇ ದಿನ. ಉಳಿದದ್ದೆಲ್ಲ ನಡೆದುಕೊಂಡು ಹೋಗಿ, ರಕ್ತ ಕೊಟ್ಟು, ಸೂಜಿ ಚುಚ್ಚಿಸಿಕೊಂಡು, ನಡೆದುಕೊಂಡೇ ಬಂದದ್ದು. ತನ್ನದು ಮಲಗಿಸುವ ಕಾಯಿಲೆಯಲ್ಲ; ಜೊತೆಗೆ ನಡೆದು ಬರುವ ಕಾಯಿಲೆ. ಹಸಿರು ಕಾರ್ಡಿಗೆ ಅದು ಕಾಣುವುದೇ ಇಲ್ಲ.

ಆದರೆ ಪುಸ್ತಿಕೆಯ ಔಷಧಿ ಪಟ್ಟಿಯಲ್ಲಿ ಅವಳ ಇಂಜೆಕ್ಷನ್ನಿನ ಹೆಸರೇ ಇರಲಿಲ್ಲ. ಅದನ್ನು ಕೇಳಲು ಡಾಕ್ಟರಮ್ಮನ ಹತ್ತಿರ ಹೋದಳು. ಅವರು ಕನ್ನಡಕ ಹಣೆಗೇರಿಸಿ ಪಟ್ಟಿಯ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು.

"ಇಲ್ಲಿದೆ ನೋಡಿ. ನಿಮಗೆ ಗೊತ್ತಿರೋದು ಕಂಪನಿ ಇಟ್ಟ ಹೆಸರು. ಇದು ಔಷಧಿಯ ಹೆಸರು. ಇವರು ಬೇರೆ ಕಂಪನಿಯದನ್ನ ಕೊಡ್ತಾರೆ, ಡ್ರಿಪ್ ಮೂಲಕ. ಹೊಟ್ಟೆಗೆ ಚುಚ್ಚೋ ಬದಲು ಒಂದೂವರೆ ಗಂಟೆ ಕುರ್ಚಿಯಲ್ಲಿ ಕೂರಬೇಕು."

"ಕೆಲಸ ಅದೇ ತಾನೇ ಮಾಡೋದು?"

"ಮಾಡ್ಬೇಕು. ಮೊದಲ ಮೂರು ತಿಂಗಳು ಕಣ್ಣಿಟ್ಟಿರಬೇಕು ಅಷ್ಟೆ." ಅವರು ಪಟ್ಟಿ ಮಡಚಿದರು. "ಆದ್ರೆ ನಮ್ಮ ಆಸ್ಪತ್ರೆ ಈ ಪಟ್ಟಿಯಲ್ಲಿಲ್ಲಮ್ಮ. ನೀಲಿ ತಗೊಂಡ್ರೆ ನೀವು ನನ್ನ ಹತ್ರ ಬರೋ ಹಾಗಿಲ್ಲ."

ಬ್ರೇಕಕ್ಕ ಅದನ್ನು ಯೋಚಿಸಿಯೇ ಇರಲಿಲ್ಲ. ಮೊದಲ ವರ್ಷ ಬದುಕೇ ಮುಗಿಯಿತೆಂದು ಅವಳು ಅತ್ತದ್ದು ಇದೇ ಕುರ್ಚಿಯಲ್ಲಿ. "ಡ್ರೈವಿಂಗ್ ಬಿಡ್ಬೇಡಿ, ಬೇಕಾದ್ರೆ ಸೀಟಿನ ಹಿಂದೆ ದಿಂಬು ಇಟ್ಕೊಳಿ" ಎಂದು ಗದರಿದ್ದವರು ಇವರೇ.

"ನೀವೇ ನನ್ನ ಜಾಗದಲ್ಲಿದ್ರೆ ಏನ್ ಮಾಡ್ತಿದ್ರಿ ಡಾಕ್ಟ್ರೇ?"

"ಔಷಧಿ ಎಲ್ಲಿದೆಯೋ ಅಲ್ಲಿಗೆ ಹೋಗ್ತಿದ್ದೆ. ಡಾಕ್ಟರ್ ಇನ್ನೊಬ್ಬರು ಸಿಗ್ತಾರೆ, ಕೀಲು ಇನ್ನೊಂದು ಸಿಗಲ್ಲ" ಎಂದು ಅವರು ಪ್ರಮಾಣಪತ್ರ ಬರೆಯಲು ಕೂತರು. ಒಂಬತ್ತು ವರ್ಷದ ಚಿಕಿತ್ಸೆಯನ್ನು ಎರಡು ಪುಟದಲ್ಲಿ ಇಳಿಸಿದರು: ಯಾವ ಮಾತ್ರೆ ಹೊಟ್ಟೆಗಾಗಲಿಲ್ಲ, ಯಾವುದು ಯಕೃತ್ತಿಗೆ ತೊಂದರೆ ಕೊಟ್ಟಿತು, ಯಾವುದು ಹಿಡಿಯಿತು ಎಲ್ಲವನ್ನೂ. ಬರೆದು ಮುಗಿಸಿ, ತಾವೇ ಲಕೋಟೆಗೆ ಹಾಕಿ, ಬಾಗಿಲವರೆಗೆ ಬಂದರು. "ಹೋಗಿ, ಪಟ್ಟಿಯಲ್ಲಿ ಕೀಲುರೋಗದ ವಿಭಾಗ ಇರೋ ಆಸ್ಪತ್ರೇನ ಒಂದ್ಸಲ ಕಣ್ಣಾರೆ ನೋಡ್ಕೊಂಡು ಬನ್ನಿ."

ಶುಕ್ರವಾರ ಮಧ್ಯಾಹ್ನದ ಎರಡು ಪಾಠ ಬಿಟ್ಟು ಅವಳು ಹೋದಳು. ಎರಡು ಬಸ್ ಬದಲಾಯಿಸಬೇಕು. ಆಸ್ಪತ್ರೆಯ ಒಂದು ಲಿಫ್ಟ್ ಕೆಟ್ಟಿತ್ತು, ಇನ್ನೊಂದು ಸ್ಟ್ರೆಚರುಗಳಿಗೆ. ಮೂರನೇ ಮಹಡಿಗೆ ಕಂಬಿ ಹಿಡಿದು ಹತ್ತಿದಳು. ಕೀಲುರೋಗದ ವಿಭಾಗದ ಮುಂದೆ ಅರವತ್ತು ಜನರಾದರೂ ಇದ್ದರು. ಪಕ್ಕದ ಉದ್ದನೆಯ ಕೋಣೆಯಲ್ಲಿ ಆರು ಕುರ್ಚಿ, ಆರು ಡ್ರಿಪ್ ಸ್ಟ್ಯಾಂಡು. ಆರೂ ಭರ್ತಿ. ಒಬ್ಬಾಕೆ ಡ್ರಿಪ್ ಹಾಕಿಸಿಕೊಂಡೇ ಉತ್ತರಪತ್ರಿಕೆ ತಿದ್ದುತ್ತಿದ್ದಳು.

"ಏನು ಬೇಕಿತ್ತು?" ಎಂದರು ಸಿಸ್ಟರ್.

"ನೋಡ್ಕೊಂಡು ಹೋಗೋಣ ಅಂತ ಬಂದೆ."

"ಯಾರನ್ನ?"

"ನಿಮ್ಮನ್ನೇ" ಎಂದಳು ಬ್ರೇಕಕ್ಕ. ಸಿಸ್ಟರಿಗೆ ನಗು ಬಂತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಔಷಧಿ ಯಾವತ್ತಾದರೂ ಮುಗಿದುಹೋಗುತ್ತದಾ? ಹೋದ ವರ್ಷ ಒಮ್ಮೆ, ಹನ್ನೆರಡು ದಿನ. ಹೊಸಬರಿಗೆ ಎಷ್ಟು ದಿನಕ್ಕೆ ಸರದಿ? ಹತ್ತು, ಹದಿನೈದು ದಿನ. ಡಾಕ್ಟರ್ ಎಷ್ಟು ಹೊತ್ತು ನೋಡುತ್ತಾರೆ? "ಐದು ನಿಮಿಷ. ಆದ್ರೆ ಒಳ್ಳೆ ಐದು ನಿಮಿಷ."

ಅಲ್ಲಿಂದ ಕೆಳಗಿಳಿದು ಅವಳು ಹೃದಯ ವಿಭಾಗಕ್ಕೂ ಹೋದಳು. ಕಿಟಕಿಯ ಹಿಂದೆ ಕೂತಿದ್ದವನನ್ನು ಕೇಳಿದಳು: "ನನ್ನ ಗಂಡನಿಗೆ ಎದೆನೋವು ಅಂತ ಹೊತ್ತಲ್ಲದ ಹೊತ್ತಲ್ಲಿ ಬಂದ್ರೆ ನೀಲಿ ಕಾರ್ಡಿಗೆ ಒಳಗೆ ಬಿಡ್ತೀರಾ?"

"ಈಗ ಎಲ್ಲಿದ್ದಾರೆ ಅವರು?" ಎಂದು ಅವನು ಗಾಬರಿಯಿಂದ ಎದ್ದ.

"ಪ್ರೆಸ್ಸಲ್ಲಿ ಕಾಗದ ಕತ್ತರಿಸ್ತಿದ್ದಾರೆ. ಆರಾಮಾಗಿದ್ದಾರೆ. ಮುಂದಕ್ಕೆ ಕೇಳ್ತಿದ್ದೀನಿ."

ಅವನು ಉಸಿರು ಬಿಟ್ಟು ಕೂತು, "ತುರ್ತಾದ್ರೆ ಮೊದಲು ಒಳಗೆ, ಆಮೇಲೆ ಕಾರ್ಡು" ಎಂದ. ಅವಳು ಅದನ್ನೂ ಬರೆದುಕೊಂಡಳು.

ಮನೆಗೆ ಬಂದಾಗ ಮೇಜಿನ ಖಾನೆಯಲ್ಲಿ ಪೆನ್ನು ಹುಡುಕಲು ಹೋಗಿ ಅವಳ ಕೈಗೆ ಗಂಡನ ಫೈಲು ಸಿಕ್ಕಿತು. ಅದರಲ್ಲಿ ತುಂಬಿದ ಹಸಿರು ಅರ್ಜಿ. ಮೂವರ ಹೆಸರು, ಹುಟ್ಟಿದ ತಾರೀಕು, ಎಲ್ಲ ಅವನ ದುಂಡು ಅಕ್ಷರದಲ್ಲಿ. ಅವಳ ಸಹಿಯ ಜಾಗ ಮಾತ್ರ ಖಾಲಿ.

ಅವನು ಬಂದ ಮೇಲೆ ಅವಳು ಅರ್ಜಿಯನ್ನು ಅವನ ಮುಂದಿಟ್ಟಳು. ಕೂಗಾಡಲಿಲ್ಲ.

"ಇದನ್ನ ಯಾವಾಗ ಹೇಳೋಣ ಅಂತಿದ್ರಿ?"

ಅವನು ತಲೆ ತಗ್ಗಿಸಿದ. ಆಮೇಲೆ ಎತ್ತಿದ. "ನೀನು ಓದಿದಷ್ಟೂ ನೀಲಿ ಅಂತೀಯ ಅಂತ ಗೊತ್ತಿತ್ತು. ನಿನ್ನ ಕೈ ಬಗ್ಗೆ ನನಗೆ ಯೋಚನೆ ಇಲ್ಲ ಅಂದ್ಕೊಬೇಡ. ಆದ್ರೆ ನಾನು ಬಿದ್ದುಹೋದ್ರೆ ನಿನ್ನನ್ನ ನೋಡೋರು ಯಾರು? ಬೆಳಿಗ್ಗೆ ನಿನಗೆ ನಲ್ಲಿ ತಿರುಗಿಸಿಕೊಡೋರು ಯಾರು? ಆ ಭಯಕ್ಕೆ ಬರೆದೆ."

ತನ್ನ ಕಾಯಿಲೆಗಾಗಿ ಇಡೀ ಮನೆಯನ್ನು ಸಾಮಾನ್ಯ ವಾರ್ಡಿಗೆ ಎಳೆಯುತ್ತಿದ್ದೇನೆಯೇ ಎಂದು ಅವಳೂ ಬಸ್ಸಿನಲ್ಲಿ ಯೋಚಿಸಿದ್ದಳು. ಆಸ್ಪತ್ರೆಯಲ್ಲಿ ಬರೆದುಕೊಂಡದ್ದನ್ನೆಲ್ಲ, ಕೆಟ್ಟ ಲಿಫ್ಟು, ಹನ್ನೆರಡು ದಿನ ಔಷಧಿ ಇಲ್ಲದ್ದು, ಐದು ನಿಮಿಷದ ಡಾಕ್ಟರು, ಒಂದನ್ನೂ ಬಿಡದೆ ಓದಿ ಹೇಳಿದಳು. ಹೃದಯ ವಿಭಾಗದವನು ಗಾಬರಿಯಾದದ್ದನ್ನು ಹೇಳುವಾಗ ಮಗಳು ಫಕ್ಕನೆ ನಕ್ಕಳು, ಅವನಿಗೂ ತಡೆಯಲಾಗಲಿಲ್ಲ.

"ನಿಮ್ಮ ಭಯ ಸುಳ್ಳು ಅಂತ ನಾನು ಹೇಳಲ್ಲ" ಎಂದಳು. "ಆದ್ರೆ ಅದನ್ನ ಒಂದ್ಸಲ ಅಳೆದು ನೋಡೋಣ. ನೀಲಿ ಕಾರ್ಡಿಗೆ ಸೇರ್ಬೇಕು ಅಂದ್ರೆ ಮನೆಯವರೆಲ್ಲ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸ್ಬೇಕು. ನಾಳೆ ನನ್ನ ಜೊತೆ ಬನ್ನಿ. ಆಮೇಲೂ ಹಸಿರೇ ಅನ್ನಿಸಿದ್ರೆ ಕೂತು ಮಾತಾಡೋಣ."

ಆರೋಗ್ಯ ಕೇಂದ್ರ ಎಂದರೆ ಅಂಚೆ ಕಚೇರಿಯ ಹಿಂದಿನ ಎರಡು ಕೋಣೆ. ನರ್ಸ್ ಒಬ್ಬರು ಮೂವರ ತೂಕ, ಎತ್ತರ ಬರೆದುಕೊಂಡರು. ಗಂಡನ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದರು. ಹುಬ್ಬು ಮೇಲೇರಿತು. ಹತ್ತು ನಿಮಿಷ ಸುಮ್ಮನೆ ಕೂರಿಸಿ, ಅವನ ಅಪ್ಪ ಹೋದ ಬಗೆಯನ್ನೂ ಕೇಳಿ ತಿಳಿದುಕೊಂಡು, ಮತ್ತೆ ನೋಡಿದರು.

"ಯಾವಾಗಿಂದ ಇದೆ ನಿಮಗೆ ಬಿ.ಪಿ.?"

"ನನಗೆಲ್ಲಿದೆ? ಒಂದು ದಿನ ತಲೆನೋವು ಬಂದಿಲ್ಲ."

"ಅದು ಹೇಳಿ ಕೇಳಿ ಬರಲ್ಲ. ನಿಮ್ಮಪ್ಪನಿಗೂ ಇತ್ತೇನೋ, ಯಾರು ನೋಡಿದ್ರು? ಒಳಗೆ ಡಾಕ್ಟರು ಬರೆದುಕೊಡ್ತಾರೆ, ಇವತ್ತಿಂದ ಮಾತ್ರೆ ಶುರು ಮಾಡಿ. ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು."

ಹೊರಗೆ ಬಂದ ಮೇಲೆ ಅವನು ಅಂಚೆ ಡಬ್ಬಿಯ ಹತ್ತಿರ ನಿಂತು ಕೇಳಿದ: "ಈ ಮಾತ್ರೆ, ತಿಂಗಳು ತಿಂಗಳು ತೋರಿಸೋದು, ಹಸಿರಿನಲ್ಲಿ ಬರುತ್ತಾ?"

"ಮಲಗಿದ್ರೆ ಮಾತ್ರ ಬರುತ್ತೆ."

"ಅಂದ್ರೆ ಬೀಳೋವರೆಗೂ ಕಾದು ಎತ್ಕೊಳುತ್ತೆ ಅನ್ನು" ಎಂದ ಅವನು. ಜೇಬಿನಿಂದ ಹಸಿರು ಅರ್ಜಿ ತೆಗೆದು ಎರಡಾಗಿ ಹರಿದ. ಕಾಗದ ಕತ್ತರಿಸುವವನಲ್ಲವೇ, ಹರಿದದ್ದೂ ನೇರವಾಗಿ ಹರಿದಿತ್ತು. "ಆದ್ರೂ ಸಾಮಾನ್ಯ ವಾರ್ಡಿನಲ್ಲಿ ನನಗೆ ನಿದ್ದೆ ಬರಲ್ಲ, ಮೊದಲೇ ಹೇಳಿರ್ತೀನಿ."

"ನಿಮ್ಮ ಗೊರಕೆಗೆ ವಾರ್ಡಿನವರಿಗೆ ನಿದ್ದೆ ಬರ್ಬೇಕಲ್ಲ" ಎಂದಳು ಅವಳು.

ಸೋಮವಾರ ಬ್ರೇಕಕ್ಕ ನೋಂದಣಿ ಕಚೇರಿಗೆ ಹೋದಳು. ಒಂದೂವರೆ ಗಂಟೆ ಸಾಲಿನಲ್ಲಿ ನಿಂತ ಮೇಲೆ ಕೌಂಟರಿನ ಗುಮಾಸ್ತ ಅವಳ ನೀಲಿ ಅರ್ಜಿಯನ್ನು ತಿರುವಿ ಹಾಕಿದ. ಕೆಟ್ಟವನೇನಲ್ಲ, ಬೆಳಗ್ಗಿನಿಂದ ನೂರು ಅರ್ಜಿ ನೋಡಿ ಸುಸ್ತಾದವನು.

"ಮೇಡಂ, ಇಲ್ಲಿ 'ದೀರ್ಘಕಾಲದ ಕಾಯಿಲೆ ಇದೆಯೇ' ಅನ್ನೋ ಕಡೆ 'ಇಲ್ಲ' ಅಂತ ಟಿಕ್ ಮಾಡಿಬಿಡಿ. ಹತ್ತು ನಿಮಿಷದಲ್ಲಿ ಆಗೋಗುತ್ತೆ. 'ಹೌದು' ಅಂದ್ರೆ ಅರ್ಜಿ ಮೇಲಿನವರ ಹತ್ರ ಹೋಗುತ್ತೆ, ಅವರು ಒಂದೊಂದು ಪ್ರಶ್ನೆ ಹಾಕ್ತಾರೆ. ಸುಮ್ನೆ ಯಾಕೆ?"

ಸಾಲಿನಲ್ಲಿ ಹಿಂದಿದ್ದವರೂ "ಹೌದಮ್ಮ, ಟಿಕ್ ಮಾಡಿ" ಎಂದರು.

"ಇರೋದನ್ನ ಇಲ್ಲ ಅಂತ ಬರೆದು, ನಾಳೆ ಅದಕ್ಕೇ ಔಷಧಿ ಕೊಡಿ ಅಂತ ಯಾವ ಮುಖ ಇಟ್ಕೊಂಡು ಬರಲಿ?" ಎಂದಳು ಬ್ರೇಕಕ್ಕ. "ಹೌದು ಅಂತಲೇ ಇರಲಿ. ಎಷ್ಟು ಪ್ರಶ್ನೆ ಬೇಕಾದ್ರೂ ಹಾಕಲಿ. ನನಗೆ ಸ್ವೀಕೃತಿ ಕೊಡಿ. ಮೊಹರು, ತಾರೀಕು, ಸಹಿ."

ಗುಮಾಸ್ತ ಅವಳ ಮುಖ ನೋಡಿ, ಮೊಹರು ಹುಡುಕಿದ.

ಮೇಲಿನವರು ಪ್ರಶ್ನೆ ಹಾಕಿಯೇ ಹಾಕಿದರು. ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ಮೊಬೈಲಿಗೆ ಸಂದೇಶ ಬಂತು: ಅರ್ಜಿ ವಾಪಸ್. ರಕ್ತಪರೀಕ್ಷೆಯ ವರದಿ ಮೂರು ತಿಂಗಳಿಗಿಂತ ಹಳೆಯದು, ಹೊಸದು ಬೇಕು.

ಅಷ್ಟು ಹೊತ್ತಿಗೆ ಇಂಜೆಕ್ಷನ್ ತಪ್ಪಿ ಇಪ್ಪತ್ತು ದಿನವಾಗಿತ್ತು. ಕಾಯಿಲೆ ಕೆರಳಿತ್ತು. ಬೆಳಿಗ್ಗೆ ಎದ್ದರೆ ಬೆರಳುಗಳು ಬದನೆಯಷ್ಟು ಊದಿ, ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಚಪ್ಪಲಿಯೊಳಗೆ ಪಾದ ಕಲ್ಲಿನ ಮೇಲಿಟ್ಟಂತಿತ್ತು. ಪಾಠಗಳನ್ನು ಮೂರಕ್ಕೆ ಇಳಿಸಿದ್ದಳು. ಹೆಡ್ ಕ್ಲರ್ಕ್ ತಾವೇ ಹ್ಯಾಂಡ್‌ಬ್ರೇಕ್ ಎಳೆಯುತ್ತ, "ಈಗ ನಾನು ನಿಮಗೆ ಬ್ರೇಕಣ್ಣ" ಎಂದಾಗ ನೋವಿನಲ್ಲೂ ನಕ್ಕಿದ್ದಳು.

"ಹಸಿರೂ ಹೋಯ್ತು, ನೀಲಿನೂ ಹೋಯ್ತು" ಎಂದು ಗಂಡ ಕುಸಿದು ಕೂತ.

"ವಾಪಸ್ ಬಂದಿದೆ ರೀ, ಸತ್ತಿಲ್ಲ" ಎಂದು ಅವಳು ಚೀಲ ಹೆಗಲಿಗೇರಿಸಿದಳು.

ಆ ದಿನವೇ ರಕ್ತ ಕೊಟ್ಟಳು. ವರದಿಗೆ ನಾಲ್ಕು ದಿನ ಎಂದರು. ನಾಲ್ಕನೇ ದಿನ ಮಧ್ಯಾಹ್ನ ಪ್ರಯೋಗಾಲಯದ ಬಾಗಿಲಲ್ಲೇ ಕೂತು ಕಾದಳು; ಪ್ರಿಂಟರ್ ಕೆಟ್ಟಿದೆ ಎಂದಾಗ ಗಂಡ ತನ್ನ ಪ್ರೆಸ್ಸಿನಿಂದ ಓಡಿ ಬಂದು, ಅದರ ಮುಚ್ಚಳ ತೆಗೆದು, ಸಿಕ್ಕಿಕೊಂಡಿದ್ದ ಕಾಗದದ ಚೂರು ಎಳೆದುಹಾಕಿದ. ಉಳಿದ ಹದಿನೇಳು ಜನರ ವರದಿಯೂ ಅವನಿಂದಾಗಿಯೇ ಹೊರಬಂತು.

ಅದು ತಿಂಗಳ ಕಡೆಯ ದಿನ. ಮೂರೂವರೆಗೆ ಅವಳು ಮತ್ತೆ ಕೌಂಟರಿನ ಮುಂದಿದ್ದಳು. ಕಿಟಕಿ ಮುಚ್ಚುವುದು ನಾಲ್ಕಕ್ಕೆ. ಗುಮಾಸ್ತನಿಗೆ ಗುರುತು ಹತ್ತಿತು.

"ನೀವಾ? ಹೊಸ ಅರ್ಜಿನೇ ತುಂಬ್ಬೇಕು ಮೇಡಂ. ಹಳೇದು ಮುಚ್ಚಿಹೋಗಿದೆ. ನಾಲ್ಕು ಪುಟ." ಗಡಿಯಾರ ನೋಡಿ, "ಆಗುತ್ತಾ?" ಎಂದ.

ಅವಳು ಪೆನ್ನನ್ನು ಹೆಬ್ಬೆರಳಿಗೂ ಅಂಗೈಗೂ ನಡುವೆ ಸಿಕ್ಕಿಸಿಕೊಂಡು ಮೊದಲ ಸಾಲು ಬರೆದಳು. ಅಕ್ಷರ ಮಗುವಿನದರಂತೆ ಸೊಟ್ಟಗೆ ಬಂತು. ಎರಡನೇ ಸಾಲಿಗೆ ಪೆನ್ನು ಜಾರಿ ಬಿತ್ತು. ಗುಮಾಸ್ತ ಗಾಜಿನಾಚೆಯಿಂದ ಅವಳ ಕೈಯನ್ನು ನೋಡುತ್ತಿದ್ದ.

"ಇದಾ ಆ ಕಾಯಿಲೆ?"

"ಇದೇ. 'ಇಲ್ಲ' ಅಂತ ಟಿಕ್ ಮಾಡಿ ಅಂದಿದ್ರಲ್ಲ."

ಅವನು ಕಿಟಕಿಯ ಕೆಳಗಿನಿಂದ ಕೈ ಚಾಚಿ ಅರ್ಜಿಯನ್ನು ಒಳಗೆಳೆದುಕೊಂಡ. "ಹೇಳಿ, ನಾನು ಬರೀತೀನಿ." ಅವಳು ಒಂದೊಂದಾಗಿ ಹೇಳಿದಳು, ಪುಸ್ತಿಕೆ ನೋಡದೆ, ತಡವರಿಸದೆ. ಅವನು ಬೇಗ ಬೇಗ ಬರೆದ. ಕೊನೆಯ ಪುಟವನ್ನು ಮಾತ್ರ ತಿರುಗಿಸಿ ಅವಳ ಕಡೆ ಇಟ್ಟ. "ಸಹಿಗೆ ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ."

"ಬೇಡ. ಸಹಿ ನಾನೇ ಹಾಕ್ತೀನಿ."

ಎರಡೂ ಕೈ ಸೇರಿಸಿ ಪೆನ್ನು ಹಿಡಿದು ಅವಳು ಸಹಿ ಹಾಕಿದಳು. ಪ್ರಮಾಣಪತ್ರ, ವರದಿ, ಆರೋಗ್ಯ ಕೇಂದ್ರದ ಚೀಟಿ ಎಲ್ಲ ಸೇರಿಸಿ ಅವನು ಕಂಪ್ಯೂಟರಿಗೆ ಹಾಕಿದ. ಪರದೆಯ ಮೇಲೆ ಚಕ್ರ ಸುತ್ತುತ್ತ ಸುತ್ತುತ್ತ ನಿಂತು, ಒಂದು ಸಂಖ್ಯೆ ಮೂಡಿತು. ನಾಲ್ಕಕ್ಕೆ ಆರು ನಿಮಿಷವಿತ್ತು. ಅವಳು ಬಾಯಿ ತೆರೆಯುವ ಮೊದಲೇ ಅವನೆಂದ: "ಗೊತ್ತು. ಮೊಹರು, ತಾರೀಕು, ಸಹಿ."

ಹೊರಗೆ ಮೆಟ್ಟಿಲ ಮೇಲೆ ಗಂಡ ಕಾಯುತ್ತಿದ್ದ. ಸ್ವೀಕೃತಿ ತೋರಿಸಿದಳು. ಅವನು ಅದನ್ನು ಎರಡು ಸಲ ಓದಿ, ಮಡಚದೆ, ಫೈಲಿನಲ್ಲಿಟ್ಟ. ಬಸ್ಸಿನಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ಅಳು ಬಂತು. ಅವನು ಅವಳ ಊದಿದ ಕೈಯನ್ನು ಒತ್ತದೆ, ಸುಮ್ಮನೆ ತನ್ನ ಅಂಗೈಯಲ್ಲಿಟ್ಟುಕೊಂಡ.

ಕಾರ್ಡು ಬರಲು ಹದಿನೆಂಟು ದಿನ ಹಿಡಿಯಿತು, ಕುರ್ಚಿಯ ಸರದಿ ಬರಲು ಇನ್ನೂ ಹನ್ನೆರಡು. ಆ ಒಂದು ತಿಂಗಳನ್ನು ಅವಳು ಹಲ್ಲು ಕಚ್ಚಿ ಕಳೆದಳು. ಯಜಮಾನರು ಅವಳಿಗೆ ಹೊರಗಿನ ಪಾಠ ತಪ್ಪಿಸಿ, ಕಪ್ಪು ಹಲಗೆಯ ಮುಂದೆ ಕೂತು ರಸ್ತೆ ಚಿಹ್ನೆಗಳನ್ನು ಕಲಿಸುವ ಕೆಲಸ ಕೊಟ್ಟರು. ಡಾಕ್ಟರಮ್ಮ ಫೋನಿನಲ್ಲೇ ನೋವಿಗೆ ಏನೇನು ತೆಗೆದುಕೊಳ್ಳಬೇಕೆಂದು ಹೇಳಿದರು. ಫೀಸಿನ ಮಾತೆತ್ತಿದಾಗ ಫೋನ್ ಇಟ್ಟುಬಿಟ್ಟರು. ಬಲಗೈಯ ನಡುಬೆರಳು ಆ ತಿಂಗಳಲ್ಲಿ ಸ್ವಲ್ಪ ವಾಲಿತು. ಅದು ಮತ್ತೆ ನೆಟ್ಟಗಾಗಲಿಲ್ಲ.

ಮೊದಲ ಡ್ರಿಪ್ಪಿನಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎರಡನೆಯದರ ನಂತರ ಒಂದು ಬೆಳಿಗ್ಗೆ ಅವಳೇ ನಲ್ಲಿ ತಿರುಗಿಸಿದಳು. ಮೂರನೆಯದರ ಹೊತ್ತಿಗೆ ದಿನಕ್ಕೆ ಐದು ಪಾಠಕ್ಕೆ ಬಂದಿದ್ದಳು. ಹೆಡ್ ಕ್ಲರ್ಕ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಫೇಲಾದದ್ದಕ್ಕೂ ಸ್ವೀಕೃತಿ ತೆಗೆದುಕೊಂಡು ಬಂದು, ಎರಡನೇ ಸಲ ಪಾಸಾದರು.

ಮೂರನೇ ಡ್ರಿಪ್ಪಿನ ದಿನ ಹೊಸ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನವರು, ತಮ್ಮ ಐದು ನಿಮಿಷದಲ್ಲಿ ಹಳೆಯ ಎರಡು ಪುಟದ ಪತ್ರವನ್ನು ಮತ್ತೊಮ್ಮೆ ಓದಿದರು.

"ನೀವು ತಗೋತಿರೋ ಒಂದು ಮಾತ್ರೆಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಆಗ್ಲೇಬೇಕು. ಕಣ್ಣಿನ ಹಿಂಭಾಗದ ಫೋಟೋ ತೆಗೀತಾರೆ. ನಿಮ್ಮದು ತಡ ಆಗಿದೆ. ಚೀಟಿ ಬರೆದುಕೊಡ್ತೀನಿ."

ಚೀಟಿ ಹಿಡಿದು ಅವಳು ಕೆಳಗಿನ ವಿಮಾ ಕೌಂಟರಿಗೆ ಹೋದಳು. ಅಲ್ಲಿದ್ದ ಹೆಂಗಸು ಕಂಪ್ಯೂಟರಿನಲ್ಲಿ ನೋಡಿ ತಲೆಯಾಡಿಸಿದಳು.

"ಕಣ್ಣಿನ ಕಾಯಿಲೆ ಇದ್ದೋರಿಗೆ ಮಾತ್ರ ಈ ಪರೀಕ್ಷೆ ಬರುತ್ತೆ. ನಿಮ್ಮದು ಕೀಲಿಂದು. ನೀಲಿ ಕಾರ್ಡಲ್ಲಿ ಇಲ್ಲಮ್ಮ."

"ಕೀಲಿನ ಮಾತ್ರೆಯಿಂದ ಕಣ್ಣಿಗೆ ತೊಂದರೆ ಆಗ್ಬಾರದು ಅಂತ ತಾನೇ ಈ ಪರೀಕ್ಷೆ?"

"ಇರಬಹುದು. ಪಟ್ಟಿಯಲ್ಲಿಲ್ಲ."

"ಪಟ್ಟಿಗೆ ಸೇರಿಸಿ ಅಂತ ಕೇಳೋಕೆ ಒಂದು ಅರ್ಜಿ ಇರ್ಬೇಕಲ್ಲ?"

ಆ ಹೆಂಗಸು ಯೋಚಿಸಿ, ಪಕ್ಕದವನನ್ನು ಕೇಳಿ, ಕೆಳಗಿನ ಖಾನೆಯಿಂದ ಧೂಳು ಹಿಡಿದ ಕಟ್ಟೊಂದನ್ನು ತೆಗೆದಳು. "ಇದೆ. ಇದುವರೆಗೂ ಯಾರೂ ಕೇಳಿರಲಿಲ್ಲ."

"ಎರಡು ಕೊಡಿ" ಎಂದಳು ಬ್ರೇಕಕ್ಕ. "ಒಂದು ಕೆಟ್ಟುಹೋದ್ರೆ ಇನ್ನೊಂದಿರಲಿ." ಬೆಂಚಿನ ಮೇಲೆ ಕೂತು, ಚೀಲದಿಂದ ಪೆನ್ನು ತೆಗೆದು, ಕೊನೆಯ ಪುಟದಿಂದ ಓದಲು ಶುರು ಮಾಡಿದಳು.